ಹಾರುಬೆಕ್ಕಿನ ಮರಿ ಮನೆಗೆ ಬಂದರೆ

ಮಲೆನಾಡಿನ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ತೋಟದಂಚಿನ ಹಳೆಯ ಮರ ಗಾಳಿಗೆ ಉರುಳಿದಾಗ ಅದರ ಪೊಟರೆಯಲ್ಲಿ ಹಾರುಬೆಕ್ಕಿನ ಮರಿಯೊಂದು ಸಿಕ್ಕಿತಂತೆ. ಮಕ್ಕಳು ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹಸುವಿನ ಹಾಲು ಕುಡಿಸುತ್ತಿದ್ದಾರೆ. ‘ಇದನ್ನು ಸಾಕುವುದು ಹೇಗೆ? ಮಕ್ಕಳಿಗೆ ಇದರಿಂದ ರೋಗವೇನಾದರೂ ಅಂಟೀತೇ?’ ಎಂಬುದು ಅವರ ಪ್ರಶ್ನೆ. ಇಂಥ ಪ್ರಸಂಗ ಕಾಡಿನ ಸೆರಗಿನಲ್ಲಿರುವ ಯಾವ ಮನೆಗಾದರೂ ಬರಬಹುದಾದ್ದರಿಂದ ಉತ್ತರವನ್ನು ಇಲ್ಲಿಯೇ ಕೊಡುತ್ತಿದ್ದೇನೆ.

ಇದು ಬೆಕ್ಕಲ್ಲ

ಹೆಸರು ಹಾರುಬೆಕ್ಕು ಎಂದಿದ್ದರೂ ಇದು ಅಳಿಲಿನ ಜಾತಿಯ ಪ್ರಾಣಿ. ಹಾರುವುದೂ ಇಲ್ಲ. ಮುಂಗಾಲು ಹಿಂಗಾಲುಗಳ ನಡುವೆ ಇರುವ ಚರ್ಮದ ಪೊರೆಯನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಹಗಲೆಲ್ಲ ಪೊಟರೆಯಲ್ಲಿ ಮಲಗಿ, ಕತ್ತಲಾದ ಮೇಲೆ ಹಣ್ಣು, ಚಿಗುರು, ತೊಗಟೆ ಹುಡುಕಿ ಹೊರಡುತ್ತದೆ. ನಮ್ಮ ಪಶ್ಚಿಮ ಘಟ್ಟದ ದೊಡ್ಡ ಹಾರುಬೆಕ್ಕು ಬೆಳೆದಾಗ ಒಂದು ಕಿಲೋಗೂ ಹೆಚ್ಚು ತೂಗುತ್ತದೆ. ತಾಯಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಹಾಗಾಗಿ ಒಂದು ಮರಿ ಸತ್ತರೂ ಅದು ದೊಡ್ಡ ನಷ್ಟವೇ.

ಸಾಕಬಹುದೇ?

ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಸೆರೆವಾಸ ಹಾಗೂ ದಂಡ ಎರಡಕ್ಕೂ ಅವಕಾಶವಿದೆ. ಮರಿ ಸಿಕ್ಕ ಕೂಡಲೇ ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿದರೆ ನಿಮಗೂ ಕ್ಷೇಮ, ಮರಿಗೂ ಕ್ಷೇಮ.

‘ಅಮೆರಿಕದಲ್ಲಿ ಸಾಕುತ್ತಾರಲ್ಲ?’ ಎಂದು ಕೆಲವರು ಕೇಳಬಹುದು. ಅಲ್ಲಿ ಕೆಲವು ರಾಜ್ಯಗಳಲ್ಲಿ ಸಾಕುವುದು ನಿಜ. ಆದರೆ ಅದು ನೂರು ಗ್ರಾಮ್ ಕೂಡ ತೂಗದ ಬೇರೆ ಜಾತಿ. ಅಲ್ಲಿಯೂ ಅದರ ಆರೈಕೆ ಸುಲಭವಲ್ಲ. ಬರೀ ಕಡಲೆಕಾಯಿ, ಸೂರ್ಯಕಾಂತಿ ಬೀಜ ತಿನ್ನಿಸಿ ಬೆಳೆಸಿದ ಪ್ರಾಣಿಗೆ ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗುತ್ತದೆ, ಹಿಂಗಾಲು ಸೋಲುತ್ತದೆ, ಮೂಳೆ ಮುರಿಯುತ್ತದೆ. ನಮ್ಮ ಮಕ್ಕಳಲ್ಲಿ ಕಾಣುವ ರಿಕೆಟ್ಸ್ ರೋಗವನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಕಾಡಿನಲ್ಲಿ ಹತ್ತಾರು ಬಗೆಯ ಸೊಪ್ಪು, ಕಾಯಿ, ತೊಗಟೆಗಳಿಂದ ಸಿಗುವುದನ್ನು ಪಂಜರದಲ್ಲಿ ಒಂದೆರಡು ಬಗೆಯ ಬೀಜ ತುಂಬಿಕೊಡಲಾರದು.

ಇನ್ನೊಂದು ಸಂಗತಿಯೂ ಇದೆ. ಅಮೆರಿಕದ ಪೂರ್ವ ಭಾಗದ ಈ ಹಾರುವ ಅಳಿಲುಗಳಲ್ಲಿ ಟೈಫಸ್ ಜ್ವರದ ರೋಗಾಣು ಇರುವುದು 1970ರ ದಶಕದಲ್ಲಿ ಪತ್ತೆಯಾಯಿತು. ಇದು ನಮಗೆ ಪರಿಚಿತವಾದ ಟೈಫಾಯಿಡ್ ಅಲ್ಲ, ಬೇರೆಯೇ ರೋಗ. ಅಟ್ಟದಲ್ಲಿ ಅಳಿಲು ಗೂಡು ಕಟ್ಟಿದ್ದ ಮನೆಯವರಿಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದ ಉದಾಹರಣೆಗಳಿವೆ. ಸಕಾಲದಲ್ಲಿ ಡಾಕ್ಸಿಸೈಕ್ಲಿನ್ ಕೊಟ್ಟರೆ ಗುಣವಾಗುತ್ತದೆ. ಅಲ್ಲಿ ನೆಲೆಸಿರುವ ನಿಮ್ಮ ಬಂಧುಗಳ ಮನೆಯ ಅಟ್ಟದಲ್ಲಿ ಸದ್ದಾಗುತ್ತಿದ್ದರೆ ಈ ಮಾತು ಅವರ ಕಿವಿಗೂ ಬೀಳಲಿ.

ಇಲಾಖೆಯವರು ಬರುವವರೆಗೆ

ಮರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಬಟ್ಟೆಯಿಂದ ಎತ್ತಿ, ಗಾಳಿಗೆ ತೂತು ಮಾಡಿದ ಪೆಟ್ಟಿಗೆಯಲ್ಲಿ ಹಳೆಯ ಹತ್ತಿ ಬಟ್ಟೆ ಹಾಸಿ ಇಡಿ. ಮೊದಲು ಬೇಕಾದದ್ದು ಬಿಸುಪು, ಆಹಾರವಲ್ಲ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಿ. ಸೆಖೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಜಾಗವಿರಲಿ.

ಹಸುವಿನ ಹಾಲು ಕೊಡಬೇಡಿ. ಅದು ಈ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಅಷ್ಟು ಪುಟ್ಟ ದೇಹದಿಂದ ನೀರು ಹೋದರೆ ಬೇಗ ಪ್ರಾಣಕ್ಕೇ ಬರುತ್ತದೆ. ಡ್ರಾಪರ್‌ನಿಂದ ಬಾಯಿಗೆ ಸುರಿಯುವುದು ಇನ್ನೂ ಅಪಾಯ. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನಾಯಿ, ಬೆಕ್ಕು, ಮಕ್ಕಳ ಗದ್ದಲ ಇಲ್ಲದ ಕತ್ತಲೆಯ ಮೂಲೆಯಲ್ಲಿಟ್ಟು ಪಶುವೈದ್ಯರನ್ನು ಕೇಳಿ. ಮರಿಗೆ ಗಾಯವಿಲ್ಲದಿದ್ದರೆ ಅದು ಸಿಕ್ಕಿದ ಜಾಗವನ್ನು ಅರಣ್ಯ ಸಿಬ್ಬಂದಿಗೆ ತೋರಿಸಿ. ತಾಯಿ ಕತ್ತಲಾದ ಮೇಲೆ ಹುಡುಕಿಕೊಂಡು ಬಂದು ಮರಿಯನ್ನು ಕಚ್ಚಿಕೊಂಡು ಹೋಗುವುದುಂಟು. ಮರಿಗೆ ತಾಯಿಗಿಂತ ಒಳ್ಳೆಯ ದಾದಿ ಇಲ್ಲ.

ಕಚ್ಚಿದರೆ

ಅಳಿಲಿನ ಜಾತಿಯ ಪ್ರಾಣಿಗಳ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಿರುತ್ತದೆ, ಉಳಿಯಂತೆ ಹರಿತ. ಗಾಯ ಸಣ್ಣದಾಗಿ ಕಂಡರೂ ಆಳವಾಗಿರುತ್ತದೆ. ಕಚ್ಚಿದ ತಕ್ಷಣ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಅವರು ನೋಡುತ್ತಾರೆ. ಇಲಿ, ಅಳಿಲುಗಳಿಂದ ಮನುಷ್ಯರಿಗೆ ರೇಬೀಸ್ ಬರುವುದು ತೀರಾ ಅಪರೂಪ. ಆದರೂ ಕಚ್ಚಿದ್ದು ಕಾಡುಪ್ರಾಣಿ. ಚುಚ್ಚುಮದ್ದು ಬೇಕೋ ಬೇಡವೋ ಎಂಬುದನ್ನು ವೈದ್ಯರು ತೀರ್ಮಾನಿಸಲಿ, ನೆರೆಹೊರೆಯವರಲ್ಲ.

ಉಣುಗಿನ ಬಗ್ಗೆ ಎಚ್ಚರ

ಮಲೆನಾಡಿನವರು ಮರೆಯಬಾರದ್ದು ಇದು. ಕಾಡುಪ್ರಾಣಿಯ ಮೈಮೇಲೆ ಉಣುಗು ಇರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ ಹರಡುತ್ತದೆ. ಹೆಸರಿಗೆ ಮಂಗನ ಕಾಯಿಲೆಯಾದರೂ ಇದರ ವೈರಸ್ ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲಿಯೂ ಇರುತ್ತದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಟ. ಹಾರುಬೆಕ್ಕು ಮುಟ್ಟಿದ ಮಾತ್ರಕ್ಕೆ ಕಾಯಿಲೆ ಬಂತೆಂದು ಗಾಬರಿಪಡಬೇಕಾಗಿಲ್ಲ. ಆದರೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು, ಹಾಸಿಗೆಯಲ್ಲಿ ಜೊತೆಗೆ ಮಲಗಿಸಿಕೊಳ್ಳುವ ಮಕ್ಕಳ ಮೈಗೆ ಉಣುಗು ಹತ್ತುವುದು ಸುಲಭ.

ಮರಿಯನ್ನು ಮುಟ್ಟಿದವರು ಸೋಪು ಹಚ್ಚಿ ಸ್ನಾನ ಮಾಡಲಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಮಕ್ಕಳ ಕಂಕುಳು, ತೊಡೆಸಂದಿ, ಕಿವಿಯ ಹಿಂದೆ, ತಲೆಗೂದಲಿನಲ್ಲಿ ಹುಡುಕಿ ನೋಡಿ. ಉಣುಗು ಕಂಡರೆ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆಯಿರಿ, ಬೆರಳಿನಿಂದ ಹೊಸಕಬೇಡಿ. ಮುಂದಿನ ಎರಡು ವಾರಗಳಲ್ಲಿ ದಿಢೀರ್ ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಮಾತ್ರೆ ನುಂಗಿಸಿ ಕಾಯುತ್ತಾ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಕಾಡುಪ್ರಾಣಿಯನ್ನು ಮುಟ್ಟಿದ್ದ ಸಂಗತಿಯನ್ನು ತಪ್ಪದೆ ಹೇಳಿ. ಬೈದಾರೆಂದು ಮುಚ್ಚಿಟ್ಟರೆ ರೋಗ ಪತ್ತೆ ತಡವಾಗುತ್ತದೆ.

ಇನ್ನು ಮಕ್ಕಳ ಹಟದ ವಿಷಯ. ‘ಬಿಸಾಡಿ ಬಾ’ ಎಂದು ಗದರಿಸಬೇಡಿ. ಬಿದ್ದ ಮರಿಯ ಮೇಲೆ ಕರುಣೆ ತೋರಿದ ಮಕ್ಕಳು ಒಳ್ಳೆಯ ಮಕ್ಕಳೇ. ಅರಣ್ಯ ಸಿಬ್ಬಂದಿ ಬಂದಾಗ ಅವರನ್ನೂ ಎದುರಿಗೆ ನಿಲ್ಲಿಸಿ, ಮರಿಯನ್ನು ಎಲ್ಲಿಗೆ ಒಯ್ಯುತ್ತಾರೆಂದು ಅವರೇ ಕೇಳಲಿ. ಹಿತ್ತಲಿನಲ್ಲಿ ಪೊಟರೆಯಿರುವ ಹಳೆಯ ಮರವಿದ್ದರೆ ಅದನ್ನು ಕಡಿಸದೆ ಉಳಿಸಿ. ಹಾರುಬೆಕ್ಕನ್ನು ಸಾಕುವ ಸರಿಯಾದ ಕ್ರಮ ಅದೊಂದೇ.