ಕಿವಿ ಚುಚ್ಚಿಸಿದ ಮೇಲಿನ ಆರು ವಾರಗಳು

ಕೂಸಿಗೆ ಆರು ತಿಂಗಳು ತುಂಬುತ್ತಲೇ ಮನೆಯ ಹಿರಿಯರು ಕಿವಿ ಚುಚ್ಚಿಸುವ ಮಾತು ತೆಗೆಯುತ್ತಾರೆ. ಒಳ್ಳೆಯ ದಿನ ನೋಡಿ, ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂರಿಸಿ, ಪತ್ತಾರರಿಂದ ಚಿನ್ನದ ತಂತಿ ಏರಿಸಿ, ಸಿಹಿ ಹಂಚಿದರೆ ಕಾರ್ಯ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ವೈದ್ಯರಾದ ನಮ್ಮ ಪಾಲಿಗೆ ಕಾರ್ಯ ಆರಂಭವಾಗುವುದೇ ಆಗ. ಚುಚ್ಚಿದ ಕಿವಿಯೆಂದರೆ ಒಂದು ತೆರೆದ ಗಾಯ. ಅದರೊಳಗೆ ಲೋಹವೊಂದು ಹಗಲಿರುಳೂ ಕುಳಿತಿರುತ್ತದೆ. ಲೋಹದ ಸುತ್ತ ಹೊಸ ಚರ್ಮ ಬೆಳೆದು ರಂಧ್ರದ ಒಳಗೋಡೆ ಗಟ್ಟಿಯಾಗಲು ಕಿವಿಯ ಹಾಲೆಯಲ್ಲಿ ಆರರಿಂದ ಎಂಟು ವಾರ ಬೇಕು. ನಾವು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಚುಚ್ಚಿದವರ ಕೈತಪ್ಪಿನಿಂದ ಆದವಲ್ಲ. ಬಳಿಕ ಮನೆಯವರು ಅಕ್ಕರೆಯಿಂದಲೇ ಮಾಡಿದ ಅತಿ ಉಪಚಾರದಿಂದ ಆದವು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕರ್ಣವೇಧವನ್ನೂ ಹರಿದ ಕಿವಿಯನ್ನು ಜೋಡಿಸುವ ಕ್ರಮವನ್ನೂ ವಿವರಿಸುತ್ತದೆ. ಆರನೆಯ ಇಲ್ಲವೆ ಏಳನೆಯ ತಿಂಗಳಲ್ಲಿ, ಕೂಸನ್ನು ಆಟಿಕೆಗಳಿಂದ ರಮಿಸುತ್ತ, ಹಾಲೆಯನ್ನು ಎಳೆದು ಹಿಡಿದು, ಬಿಸಿಲು ಹಾಯ್ದು ತಿಳಿಯಾಗಿ ಕಾಣುವ ಸಹಜ ಸ್ಥಾನದಲ್ಲಿ ಚುಚ್ಚಬೇಕೆಂದು ಆಚಾರ್ಯರು ಹೇಳುತ್ತಾರೆ. ತಿಳಿಯಾದ ಜಾಗದಲ್ಲಿ ದಪ್ಪ ರಕ್ತನಾಳವಿರುವುದಿಲ್ಲ. ಇಂದು ಬಿಸಿಲಿನ ಬದಲು ಟಾರ್ಚ್ ಹಿಡಿದು ನೋಡಬಹುದು, ತತ್ತ್ವ ಅದೇ. ಸ್ಥಾನ ತಪ್ಪಿದರೆ ಜ್ವರ, ಉರಿ, ಬಾವು, ಗಂಟು, ಕತ್ತು ಸೆಟೆಯುವುದು, ಅಪತಾನಕ ಎಂಬ ಸೆಳೆತದ ವ್ಯಾಧಿ ಇವೆಲ್ಲ ಉಂಟಾಗಬಹುದೆಂಬ ಎಚ್ಚರಿಕೆಯೂ ಅಲ್ಲಿದೆ. ಅಪತಾನಕದ ಲಕ್ಷಣಗಳನ್ನು ಓದುವಾಗ ನಮಗೆ ಧನುರ್ವಾಯು ನೆನಪಾಗದೆ ಇರದು. ಈಗ ಕೂಸಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಹಾಕುವ ಲಸಿಕೆಯಲ್ಲಿ ಧನುರ್ವಾಯು ಹಾಗೂ ಹೆಪಟೈಟಿಸ್-ಬಿ ಎರಡಕ್ಕೂ ರಕ್ಷಣೆ ಇದೆ. ಆದುದರಿಂದ ಆರನೆಯ ತಿಂಗಳೆಂಬ ಹಳೆಯ ನಿಯಮ ಇಂದಿಗೂ ಚೆನ್ನಾಗಿ ಹೊಂದುತ್ತದೆ. ಮೂರೂ ಲಸಿಕೆ ಆಗದ ಕೂಸಿನ ಕಿವಿಯನ್ನು ಮುಟ್ಟಲೇಬಾರದು.

ಚುಚ್ಚಿದ ಮೇಲೆ ಸುಶ್ರುತರು ಹತ್ತಿಯ ಬತ್ತಿಯನ್ನಿಟ್ಟು ಎಣ್ಣೆ ಎರೆಯಲು, ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪನೆಯ ಬತ್ತಿಯನ್ನು ಇಡಲು ಹೇಳಿದ್ದಾರೆ. ಬತ್ತಿ ಗಾಯಕ್ಕೆ ಅಂಟದಿರಲೆಂಬುದು ಎಣ್ಣೆಯ ಉದ್ದೇಶವೆಂದು ನಾವು ತಿಳಿದಿದ್ದೇವೆ. ನುಣುಪಾದ ಚಿನ್ನದ ತಂತಿ ಹಾಗೆ ಅಂಟುವುದಿಲ್ಲ; ಆದ್ದರಿಂದ ಅದಕ್ಕೆ ಎಣ್ಣೆಯ ಅಗತ್ಯವಿಲ್ಲ. ಒಂದು ಲೋಟ ನೀರನ್ನು, ಎಂದರೆ ಸುಮಾರು 250 ಮಿಲಿಲೀಟರ್, ಚೆನ್ನಾಗಿ ಕುದಿಸಿ ಅದಕ್ಕೆ ಕಾಲು ಚಹಾ ಚಮಚ ಉಪ್ಪು ಕರಗಿಸಿ ಆರಿಸಿದರೆ ಸಾಕು. ಸೋಪಿನಿಂದ ಕೈ ತೊಳೆದು, ಶುದ್ಧವಾದ ಬಟ್ಟೆಯನ್ನು ಈ ನೀರಿನಲ್ಲಿ ಅದ್ದಿ, ಬೆಳಿಗ್ಗೆ ಸಂಜೆ ರಂಧ್ರದ ಹಿಂದುಮುಂದು ಒತ್ತಿ ಹಿಡಿಯಬೇಕು. ಹಕ್ಕಳೆ ನೆನೆದು ತಾನಾಗಿ ಬರುತ್ತದೆ, ಉಗುರಿನಿಂದ ಕೀಳಬಾರದು. ನಂತರ ಒತ್ತಿ ಒಣಗಿಸಬೇಕು. ನೀರನ್ನು ದಿನವೂ ಹೊಸದಾಗಿ ಮಾಡಿಕೊಳ್ಳಿರಿ.

ತಂತಿಯನ್ನು ದಿನಕ್ಕೆ ನಾಲ್ಕು ಸಲ ತಿರುಗಿಸದಿದ್ದರೆ ಅಂಟಿಕೊಳ್ಳುತ್ತದೆಂಬ ನಂಬಿಕೆ ಬಲವಾಗಿದೆ. ತಿರುಗಿಸಿದಷ್ಟೂ ಆಗತಾನೆ ಮೂಡಿದ ಎಳೆಯ ಚರ್ಮ ಹರಿಯುತ್ತದೆ, ಕೈಯ ಕೊಳೆ ಒಳಗೆ ಹೋಗುತ್ತದೆ. ಅರಿಶಿನದ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ರಸಿಕೆಯೊಂದಿಗೆ ಸೇರಿ ಗಟ್ಟಿ ಪದರವಾಗುತ್ತದೆ, ಅದರ ಕೆಳಗೆ ಕೀವು ಕೂಡಿದರೂ ಕಾಣದು. ಬೇವಿನ ಕಡ್ಡಿಯ ವಿಷಯವೂ ಇದೇ: ಒದ್ದೆಯಾದ ಕಡ್ಡಿ ಉಬ್ಬುತ್ತದೆ, ಬದಲಿಸುವಾಗ ಮತ್ತೆ ಗೀರುತ್ತದೆ. ಸ್ಪಿರಿಟ್ ಹಚ್ಚುವುದರಿಂದಲೂ ಗಾಯ ಮಾಯುವುದು ತಡವಾಗುತ್ತದೆ. ಬದನೆಕಾಯಿ ನಂಜೆಂದು ಹಾಲೂಡಿಸುವ ತಾಯಿಗೆ ತಿಂಗಳುಗಟ್ಟಲೆ ಪಥ್ಯ ಮಾಡಿಸುವವರಿದ್ದಾರೆ. ಸೂಜಿಮೊನೆಯಷ್ಟು ಗಾಯಕ್ಕಾಗಿ ಬಾಣಂತಿಯ ಊಟ ಕಡಿಮೆ ಮಾಡುವುದು ನಮಗೆ ಸರಿಕಾಣದು.

ಮೊದಲ ಕೆಲವು ದಿನ ತುಸು ಕೆಂಪು, ನೋವು, ತಿಳಿಯಾದ ರಸಿಕೆ ಸಹಜ. ತುರಿಕೆ ಹೆಚ್ಚಾಗಿ ಸುತ್ತಲೂ ಗುಳ್ಳೆಯೆದ್ದರೆ ಲೋಹವನ್ನು ಸಂಶಯಿಸಬೇಕು. ಗಿಲೀಟಿನ ಓಲೆಗಳಲ್ಲಿರುವ ನಿಕ್ಕಲ್ ಅನೇಕರಿಗೆ ಒಗ್ಗದು. ತಿರುಪನ್ನು ಬಿಗಿಯಾಗಿ ಕೂರಿಸಿದರೆ ಅದು ಬಾವಿನೊಳಗೆ ಹುದುಗಿಹೋಗುವುದುಂಟು. ದಿನಕ್ಕೊಮ್ಮೆ ಹಾಲೆಯ ಹಿಂಬದಿಯನ್ನೂ ನೋಡಿರಿ. ನೋವು ದಿನದಿಂದ ದಿನಕ್ಕೆ ಏರಿದರೆ, ಹಳದಿ ಇಲ್ಲವೆ ಹಸಿರು ಕೀವು ಬಂದರೆ, ಜ್ವರ ಕಾಣಿಸಿದರೆ ವೈದ್ಯರಲ್ಲಿಗೆ ಹೋಗಬೇಕು. ಬಾವು ಬಂದಾಗ ಬತ್ತಿಯನ್ನು ತೆಗೆದು ಜೇಷ್ಠಮಧು, ಮಂಜಿಷ್ಠ, ಜವೆ, ಎಳ್ಳುಗಳ ಲೇಪ ಹಾಕಲು ಸಂಹಿತೆ ಹೇಳುತ್ತದೆ. ಅದು ವೈದ್ಯನ ಕಣ್ಣೆದುರಿನ ಚಿಕಿತ್ಸೆ. ಮನೆಯಲ್ಲಿ ನೀವೇ ತಂತಿಯನ್ನು ಕಿತ್ತರೆ ಹೊರಬಾಯಿ ಮುಚ್ಚಿ ಕೀವು ಒಳಗೇ ಉಳಿಯಬಹುದು.

ಈವರೆಗೆ ಹೇಳಿದ್ದು ಹಾಲೆಯ ಮಾತು. ಕಿವಿಯ ಮೇಲಂಚಿನ ಸಂಗತಿ ಬೇರೆ. ಕೆಲವು ವರ್ಷಗಳ ಹಿಂದೆ ಕಾಲೇಜು ಓದುವ ಹುಡುಗಿಯೊಬ್ಬಳನ್ನು ಆಕೆಯ ತಾಯಿ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಅಂಗಡಿಯೊಂದರಲ್ಲಿ ಗನ್ನಿನಿಂದ ಮೇಲಂಚಿಗೆ ಚುಚ್ಚಿಸಿಕೊಂಡಿದ್ದಳು. ನಾಲ್ಕನೆಯ ದಿನಕ್ಕೆ ಬಾತಿತ್ತು. ಅಜ್ಜಿ ಆರು ದಿನ ಅರಿಶಿನ ಸುಣ್ಣ ಬಳಿದಿದ್ದರು. ಹಾಲೆಯೊಂದನ್ನು ಬಿಟ್ಟು ಇಡೀ ಕಿವಿ ಕೆಂಪಾಗಿ, ಸುಡುತ್ತ, ಮುಟ್ಟಗೊಡದಂತಿತ್ತು. ಮೇಲ್ಗಿವಿಯ ಮೃದ್ವಸ್ಥಿಗೆ ತನ್ನದೇ ರಕ್ತನಾಳವಿಲ್ಲ. ಹೊದಿಕೆಯಾದ ತೆಳುಪೊರೆಯಿಂದಲೇ ಅದಕ್ಕೆ ಪೋಷಣೆ. ಪೊರೆಗೂ ಮೃದ್ವಸ್ಥಿಗೂ ನಡುವೆ ಕೀವು ತುಂಬಿತೆಂದರೆ ಅದು ಕೊಳೆತು ಕರಗುತ್ತದೆ. ನಾವು ಯಾವ ಲೇಪವನ್ನೂ ಹಾಕದೆ ಆ ಗಳಿಗೆಯಲ್ಲೇ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಕಳುಹಿಸಿದೆವು. ಕೀವು ತೆಗೆದು ಆ್ಯಂಟಿಬಯೋಟಿಕ್ ಕೊಟ್ಟರು, ಸೋಂಕು ಇಳಿಯಿತು. ಆದರೆ ಕಿವಿಯ ಮೇಲ್ಭಾಗ ಮುದುಡಿತು. ಆಕೆ ಇಂದಿಗೂ ಕೂದಲನ್ನು ಆ ಕಿವಿಯ ಮೇಲೆ ಇಳಿಬಿಟ್ಟುಕೊಂಡೇ ಬರುತ್ತಾಳೆ. ಮೇಲಂಚಿಗೆ ಗನ್ ಬೇಡ, ಒಬ್ಬರಿಗೇ ಬಳಸಿ ಎಸೆಯುವ ಸೂಜಿಯೇ ಆಗಬೇಕು. ಅಲ್ಲಿ ಗಾಯ ಮಾಯಲು ನಾಲ್ಕು ತಿಂಗಳಿನಿಂದ ಒಂದು ವರ್ಷ ಹಿಡಿಯುತ್ತದೆ. ಬಾವು ಕಂಡರೆ ನಾಳೆಗೆಂದು ತಡೆಯಬೇಡಿರಿ. ಸಕ್ಕರೆ ಕಾಯಿಲೆ ಇರುವವರೂ, ಹಳೆಯ ಗಾಯದ ಕಲೆ ಗಂಟಾಗಿ ಬೆಳೆಯುವ ಮೈಯವರೂ ಮೊದಲೇ ವೈದ್ಯರನ್ನು ಕೇಳುವುದು ಲೇಸು.

ಹಾಲೆಯ ತಂತಿಯನ್ನು ಎಂಟು ವಾರ ತುಂಬದೆ ಬದಲಿಸಬಾರದು, ಹಬ್ಬ ಬಂದರೂ ಸರಿ. ಬದಲಿಸಿದ ಮೇಲೆಯೂ ಮೊದಲ ವರ್ಷ ರಂಧ್ರವನ್ನು ಬರಿದಾಗಿ ಬಿಟ್ಟರೆ ಬೇಗ ಕೂಡಿಕೊಳ್ಳುತ್ತದೆ. ಹಗುರವಾದ ರಿಂಗನ್ನೇ ಇಟ್ಟಿರಿ, ಭಾರದ ಜುಮುಕಿಯನ್ನು ಮಗು ದೊಡ್ಡದಾದ ಮೇಲೆ ಹಾಕಬಹುದು.