ಗೊತ್ತಿಲ್ಲ ಎಂದು ಮಕ್ಕಳೆದುರು ಹೇಳಬಹುದೇ?

ಪ್ರಶ್ನೆ: ನಾನು ಹೈಸ್ಕೂಲಿನ ಸಮಾಜ ವಿಜ್ಞಾನ ಶಿಕ್ಷಕಿ. ಕೃಷ್ಣದೇವರಾಯ ಕೆರೆ ಕಟ್ಟಿಸುವಾಗ ನರಬಲಿ ಕೊಟ್ಟನೆಂಬ ವಿಡಿಯೊ ನೋಡಿ ಬಂದ ಹುಡುಗಿಯೊಬ್ಬಳು ‘ನಿಜಾನಾ ಮಿಸ್?’ ಎಂದಳು. ‘ಎಲ್ಲ ಸುಳ್ಳು, ಕೂತ್ಕೋ’ ಎಂದುಬಿಟ್ಟೆ. ನನಗೇ ಗೊತ್ತಿರಲಿಲ್ಲ. ನೆಟ್‌ನಲ್ಲಿ ಮೂಲ ಆಧಾರ ಹುಡುಕಿದರೆ ಎಲ್ಲ ಇಂಗ್ಲಿಷ್. ಈಗ ಆ ಕ್ಲಾಸೆಂದರೆ ಅಳುಕು, ರಾತ್ರಿ ನಿದ್ದೆಯಿಲ್ಲ.
– ಹೆಸರು ಬೇಡ, ಕಂಪ್ಲಿ

ಮಗುವನ್ನು ಗದರಿ ಕೂರಿಸಿದ್ದು ನಿಮ್ಮನ್ನು ಇಷ್ಟು ಕಾಡುತ್ತಿದೆಯೆಂದರೆ, ಪಾಠ ನಿಮಗೆ ಬರೀ ಸಂಬಳದ ಕೆಲಸವಲ್ಲ. ಹಂಪಿಯ ಮಗ್ಗುಲಲ್ಲೇ ಇದ್ದು ಹಂಪಿಯ ಸಂಗತಿ ಗೊತ್ತಿಲ್ಲ ಎನ್ನುವುದು ಹೇಗೆಂಬ ನಾಚಿಕೆಯೂ ಇದರಲ್ಲಿ ಸೇರಿರಬೇಕು. ಅದನ್ನು ಒಳಗೇ ನುಂಗಿಕೊಂಡ ಶಿಕ್ಷಕರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ನೀವು ಬಾಯಿಬಿಟ್ಟು ಹೇಳಿದಿರಿ, ಒಳ್ಳೆಯದಾಯಿತು.

ಆ ಹುಡುಗಿ ವಿಡಿಯೊ ನಂಬಿಕೊಂಡು ಸುಮ್ಮನಿರಬಹುದಿತ್ತು. ನಿಮ್ಮನ್ನು ಕೇಳಿದಳು, ಅಂದರೆ ನಿಮ್ಮ ಮೇಲೆ ಅವಳಿಗೆ ಭರವಸೆಯಿದೆ. ಆದ್ದರಿಂದ ಮೊದಲ ಕೆಲಸ, ಅವಳ ಜೊತೆ ಮಾತು. ‘ಅವತ್ತು ಗದರಿದೆ ಕಣಮ್ಮ, ನನಗೂ ಗೊತ್ತಿರಲಿಲ್ಲ. ಈಗ ಹುಡುಕೋಣ’ ಎಂದರೆ ಸಾಕು. ಇದನ್ನು ಮುಂದೂಡಬೇಡಿ, ನಿಮ್ಮ ಅಳುಕು ಇಳಿಯುವುದು ಅಲ್ಲಿಂದಲೇ.

ಇನ್ನು ಆಧಾರ. ರಾಬರ್ಟ್ ಸೆವೆಲ್ 1900ರಲ್ಲಿ ತಂದ ‘ಎ ಫರ್ಗಾಟನ್ ಎಂಪೈರ್’ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪೋರ್ಚುಗೀಸರಾದ ಪಾಯಸ್ ಮತ್ತು ನ್ಯೂನಿಜ್ ಬರೆದಿಟ್ಟದ್ದರ ಅನುವಾದ ಅದರೊಳಗಿದೆ. ಇಡೀ ಪುಸ್ತಕಕ್ಕೆ ಕೈಹಾಕಬೇಡಿ, ಕೆರೆಯ ಭಾಗವಷ್ಟೇ ಸಾಕು. ಸಂಡೂರಿನ ಬೆಟ್ಟಸಾಲಿನ ಬಾಯಲ್ಲಿರುವ ಹೊಸಪೇಟೆಯ ರಾಯರ ಕೆರೆಯೇ ಅದೆಂದು ಗುರುತಿಸುತ್ತಾರೆ. 1520ರ ಸುಮಾರಿಗೆ ಬಂದಿದ್ದ ಪಾಯಸ್, 15–20 ಸಾವಿರ ಜನ ಅಲ್ಲಿ ಇರುವೆಗಳಂತೆ ದುಡಿಯುವುದನ್ನು ಕಂಡೆ ಎನ್ನುತ್ತಾನೆ. ಕೆರೆ ಮತ್ತೆ ಮತ್ತೆ ಒಡೆದದ್ದಕ್ಕೆ 60 ಜನರ ಬಲಿಯ ಮಾತೂ ಅವನಲ್ಲಿದೆ. ನ್ಯೂನಿಜ್ ಬರೆದದ್ದು 1535ರ ಆಚೀಚೆ, ರಾಯ ತೀರಿಹೋದ ಮೇಲೆ. ಬಲಿಯಾದವರು ಮರಣದಂಡನೆಗೆ ಗುರಿಯಾಗಬೇಕಿದ್ದ ಕೈದಿಗಳು ಎಂಬುದು ಅವನ ಹೇಳಿಕೆ.

ಈ ಎರಡು ತುಣುಕನ್ನು ಕನ್ನಡಕ್ಕೆ ತಂದು ಬೋರ್ಡಿನ ಮೇಲೆ ಬರೆಯಿರಿ. ಫೋನಿನ ಅನುವಾದ ಬಳಸಿದರೆ ಹೆಸರು, ಸಂಖ್ಯೆಗಳನ್ನು ಮೂಲದೊಂದಿಗೆ ತಾಳೆ ನೋಡಿ. ಇವರು ಕಣ್ಣಾರೆ ಕಂಡದ್ದೆಷ್ಟು, ಬೇರೆಯವರಿಂದ ಕೇಳಿದ್ದೆಷ್ಟು? ಇಬ್ಬರ ಮಾತು ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ? ಮಕ್ಕಳೇ ಹೇಳಲಿ. ‘ಖಚಿತವಾಗಿ ಹೇಳಲಾಗದು’ ಎಂಬಲ್ಲಿಗೆ ಬಂದು ನಿಂತರೂ ಅದು ಪ್ರಾಮಾಣಿಕ ಪಾಠವೇ. ಸೂಕ್ಷ್ಮ ವಿಷಯವಾದ್ದರಿಂದ ಹೆಡ್‌ಮಾಸ್ಟರಿಗೆ ಮೊದಲೇ ಒಂದು ಮಾತು ತಿಳಿಸಿರಿ.

ಶಾಸನ ಬೇಕೆನ್ನುವವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳಲ್ಲಿ ನಮ್ಮೂರು ಸಿಗದೆ ಕೈಚೆಲ್ಲುತ್ತಾರೆ. ಬಳ್ಳಾರಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 4 ಮತ್ತು 9ನೇ ಸಂಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಿ. ಕನ್ನಡ ಶಾಸನಗಳ ಪಾಠ ಕನ್ನಡ ಲಿಪಿಯಲ್ಲೇ ಇದೆ. ಅರ್ಥವಾಗದಿದ್ದರೆ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ಅಧ್ಯಾಪಕರನ್ನು ಕೇಳಿ. ನಿಮಗೆ ಅದು ದೂರವೇನಲ್ಲ.

ಇಷ್ಟಾದರೂ ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪಾಠದ ಚಿಂತೆಗೆ ಅಲ್ಲಿಗೆ ಫೋನ್ ಮಾಡುವುದೇ ಎಂಬ ಸಂಕೋಚ ಬೇಡ.