ಮಂಗಳೂರಿನ ಬಾಲ್ಕನಿಗೆ ಪುಟಾಣಿ ಆರ್ಕಿಡ್

ಕರಾವಳಿಯ ಸೆಕೆ, ತೇವದ ಗಾಳಿ ಫಲೆನಾಪ್ಸಿಸ್ ಈಕ್ವೆಸ್ಟ್ರಿಸ್‌ಗೆ ತವರಿನ ಹವೆ. ಫಿಲಿಪ್ಪೀನ್ಸ್, ತೈವಾನ್‌ಗಳ ತಗ್ಗು ಕಾಡುಗಳಲ್ಲಿ ಮರಕ್ಕಂಟಿ ಬೆಳೆಯುವ ಈ ಆರ್ಕಿಡ್‌ನ ಹೂವು ಒಂದೂವರೆ ಇಂಚು ದಾಟುವುದಿಲ್ಲ. ನರ್ಸರಿಗಳಲ್ಲಿ ‘ಮಿನಿ ಫಲೆನಾಪ್ಸಿಸ್’ ಎಂದು ಸಿಗುವ ಅನೇಕ ಮಿಶ್ರತಳಿಗಳ ಮೂಲವೂ ಇದೇ. ಆರೈಕೆ ಎರಡಕ್ಕೂ ಒಂದೇ.

ಇದಕ್ಕೆ ಮಣ್ಣು ಬೇಡವೇ ಬೇಡ. ಬದಿಯಲ್ಲೂ ತೂತಿರುವ ಸಣ್ಣ ಕುಂಡಕ್ಕೆ ಮರದ ಇದ್ದಿಲು, ಒಡೆದ ಹೆಂಚಿನ ಚೂರು ತುಂಬಿ. ತೆಂಗಿನ ಸಿಪ್ಪೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ನಮ್ಮ ಮಳೆಗಾಲದಲ್ಲಿ ಅದು ನೀರು ಹಿಡಿದು ಬೇರನ್ನು ಕೊಳೆಸುತ್ತದೆ. ಬೆಳಗಿನ ಎಳೆಬಿಸಿಲು ಸಾಕು. ಮಧ್ಯಾಹ್ನದ ಬಿಸಿಲು ತಾಗಿದರೆ ಎಲೆ ಸುಡುತ್ತದೆ.

ಯಾವಾಗ ನೀರು ಹಾಕಬೇಕೆಂದು ಬೇರನ್ನೇ ನೋಡಿ ತಿಳಿಯಬಹುದು. ನೆನೆದ ಬೇರು ಹಸಿರು, ಒಣಗಿದ್ದು ಬೆಳ್ಳಿಬಣ್ಣ. ಬೆಳ್ಳಿಬಣ್ಣಕ್ಕೆ ತಿರುಗಿದಾಗ ಬೆಳಿಗ್ಗೆಯೇ ನೀರು ಕೊಡಿ. ನೀರು ಕೂಡಿಡುವ ಗೆಡ್ಡೆ ಇದಕ್ಕಿಲ್ಲ, ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ಬಹುತೇಕ ದಿನವೂ ಬೇಕಾದೀತು. ಕಡಲ ಸಮೀಪದ ಬಾವಿನೀರು ಉಪ್ಪಾಗಿದ್ದರೆ ಬಳಸಬೇಡಿ. ಹಿಡಿದಿಟ್ಟ ಮಳೆನೀರೇ ಉತ್ತಮ. ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 ಗೊಬ್ಬರ ಕರಗಿಸಿ ಕೊಡಿ.

ನಿಜವಾದ ಪರೀಕ್ಷೆ ಜಡಿಮಳೆಯ ಆಟಿ ತಿಂಗಳಲ್ಲಿ. ಎಲೆಗಳು ಕೂಡುವ ನಡುಭಾಗದಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ಬೆಳೆಯುವ ಸುಳಿ ಒಂದೇ ಆದ್ದರಿಂದ ಅದು ಹೋದರೆ ಗಿಡ ಉಳಿಯುವುದು ಕಷ್ಟ. ಜೂನ್‌ಗೆ ಮೊದಲೇ ಗಿಡವನ್ನು ಸೂರಿನಡಿಗೆ, ಗಾಳಿಯಾಡುವಲ್ಲಿಗೆ ತನ್ನಿ. ಕುಂಡವನ್ನು ಸ್ವಲ್ಪ ಓರೆಯಾಗಿ ತೂಗುಹಾಕಿದರೆ ಬಿದ್ದ ನೀರು ಜಾರಿಹೋಗುತ್ತದೆ. ಬಸವನಹುಳು ರಾತ್ರಿ ಬಂದು ಬೇರಿನ ತುದಿ ತಿನ್ನುತ್ತದೆ, ಟಾರ್ಚ್ ಹಿಡಿದು ಹುಡುಕಿ ತೆಗೆಯಿರಿ.

ಡಿಸೆಂಬರ್, ಜನವರಿಯ ತಂಪು ರಾತ್ರಿಗಳು ಹೂದಂಟು ಹೊರಡಲು ಅನುಕೂಲ. ಹೂ ಉದುರಿತೆಂದು ಹಸಿರು ದಂಟನ್ನು ಕತ್ತರಿಸಬೇಡಿ. ಅದೇ ದಂಟು ಮತ್ತೆ ಮೊಗ್ಗು ಬಿಡುತ್ತದೆ, ಗೆಣ್ಣಿನಲ್ಲಿ ಮರಿಗಿಡವೂ ಹುಟ್ಟುತ್ತದೆ. ಮರಿಯ ಬೇರು ಎರಡು ಇಂಚು ಬೆಳೆದ ಮೇಲೆ ಬಿಡಿಸಿ ನೆಡಿ.

ಚಾರ್ಮಾಡಿ, ಶಿರಾಡಿ ಘಾಟಿಗಳ ಮರಗಳಲ್ಲೂ ಪುಟ್ಟ ಆರ್ಕಿಡ್‌ಗಳಿವೆ. ಅವು ಬಂದಳಿಕೆಯಂತೆ ಮರದ ಸಾರ ಹೀರುವುದಿಲ್ಲ. ದಯವಿಟ್ಟು ಅವನ್ನು ಕಿತ್ತು ತರಬೇಡಿ. ಆರ್ಕಿಡ್ ಬೇಕೆಂದು ಕೇಳಿದ ಗೆಳೆಯರಿಗೆ ನಿಮ್ಮ ಬಾಲ್ಕನಿಯ ಮರಿಗಿಡವನ್ನೇ ಕೊಡಿ.